ಒಪ್ಪಿಸುವ ಭಾಷಣ: ಯಾವ ಸಭೆಗೆ ಯಾವ ಹಂದರ?

ಗ್ರಾಮಸಭೆ, ಸಹಕಾರಿ ಸೊಸೈಟಿಯ ವಾರ್ಷಿಕ ಸಭೆ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಮಹಿಳೆಯರ ಸ್ವಸಹಾಯ ಸಂಘ, ಕಾಲೇಜಿನ ಚರ್ಚಾಸ್ಪರ್ಧೆ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಸಾಮಾನ್ಯ ಮನುಷ್ಯರು ಎದ್ದು ನಿಂತು ಮಾತಾಡಿ ನಾಲ್ಕು ಜನರನ್ನು ಒಪ್ಪಿಸಬೇಕಾದ ಜಾಗಗಳು ಇವು. ಒಳ್ಳೆಯ ವಿಷಯ ಇಟ್ಟುಕೊಂಡು ಬಂದವರು ಇಲ್ಲಿ ಸೋತು ಕೂರುವುದನ್ನು ಬಹಳ ಸಲ ನೋಡಿದ್ದೇನೆ. ಅವರಿಗೆ ಮಾತು ಬರುತ್ತದೆ. ಮನೆಯ ಜಗಲಿಯಲ್ಲಿ ಕೂತು ಅದೇ ವಿಷಯವನ್ನು ಎಷ್ಟು ಚೆನ್ನಾಗಿ ಹೇಳುತ್ತಾರೆ! ಸಭೆಗೆ ಬಂದಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಕಲಸಿಹೋಗುತ್ತದೆ. ಕೇಳಬೇಕಾದ್ದನ್ನು ಕೇಳುವ ಮೊದಲೇ ಸಮಯ ಮುಗಿದಿರುತ್ತದೆ.

ಭಾಷಣ ಕಟ್ಟುವುದಕ್ಕೆ ಪರೀಕ್ಷೆಗೆ ನಿಂತ ಕೆಲವು ಹಂದರಗಳಿವೆ. ಸಮಸ್ಯೆ–ಪರಿಹಾರ, ನಡುವೆ ಕಾರಣ ಸೇರಿಸಿದ ಅದರದೇ ಇನ್ನೊಂದು ರೂಪ, ಐದು ಮೆಟ್ಟಿಲಿನ ಕ್ರಮ, ಎರಡು ದಾರಿಗಳ ಹೋಲಿಕೆ, ಎದುರುವಾದಕ್ಕೆ ಉತ್ತರ, ಬರೀ ಕಾರಣಗಳ ಸಾಲು. ಇವುಗಳಲ್ಲಿ ಯಾವುದು ಮೇಲು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾರ ಮುಂದೆ ಯಾವುದು ಅಂತ ಕೇಳಿದರೆ ಇದೆ.

ಮೊದಲು ಕೇಳುವವರು ಎಲ್ಲಿದ್ದಾರೆ ನೋಡಿ

ಬಹಳ ಜನ ವಿಷಯ ನೋಡಿ ಹಂದರ ಆರಿಸುತ್ತಾರೆ. ದಾರಿ ತಪ್ಪುವುದು ಅಲ್ಲೇ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಬಗ್ಗೆ ಶಿವಮೊಗ್ಗ ಪೇಟೆಯ ಕಾಲೇಜಿನಲ್ಲಿ ಮಾತಾಡುವುದು ಬೇರೆ, ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಾತಾಡುವುದು ಬೇರೆ. ಪೇಟೆಯ ಎಷ್ಟೋ ಹುಡುಗರಿಗೆ ಅದು ಹೇಗೆ ಬರುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ. ಅರಳಗೋಡಿನ ಜನ 2018–19ರಲ್ಲಿ ಅದರ ಸಾವುಗಳನ್ನು ಹತ್ತಿರದಿಂದ ಕಂಡವರು. ಅವರ ಮುಂದೆ ನಿಂತು ಈ ಕಾಯಿಲೆ ಎಷ್ಟು ಕೆಟ್ಟದ್ದು ಅಂತ ವಿವರಿಸುವ ಅಗತ್ಯ ಯಾರಿಗೂ ಇಲ್ಲ. ವಿಷಯ ಒಂದೇ, ಭಾಷಣ ಎರಡು.

ಈ ಮಾತಿಗೆ ಹಳೆಯ ಆಧಾರವೂ ಇದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಹೋವ್‌ಲ್ಯಾಂಡ್ ಮತ್ತು ಅವರ ಜೊತೆಗಾರರು ಸೈನಿಕರ ನಡುವೆ ಒಂದು ಪ್ರಯೋಗ ಮಾಡಿದರು. ಜಪಾನಿನ ಜೊತೆಗಿನ ಯುದ್ಧ ಬೇಗ ಮುಗಿಯುವುದಿಲ್ಲ ಅಂತ ಅವರನ್ನು ಒಪ್ಪಿಸಬೇಕಿತ್ತು. ಒಂದು ಗುಂಪಿಗೆ ಒಂದೇ ಕಡೆಯ ವಾದ ಕೇಳಿಸಿದರು. ಇನ್ನೊಂದು ಗುಂಪಿಗೆ ಎದುರು ಕಡೆಯ ಮಾತನ್ನೂ ಸೇರಿಸಿ ಕೇಳಿಸಿದರು. ಮೊದಲೇ ಹಾಗೆ ಯೋಚಿಸುತ್ತಿದ್ದವರ ಮೇಲೆ ಒಂದೇ ಕಡೆಯ ವಾದ ಜಾಸ್ತಿ ಪರಿಣಾಮ ಮಾಡಿತು. ಹಾಗೆ ಯೋಚಿಸದವರ ಮೇಲೆ ಎರಡೂ ಕಡೆ ಹೇಳಿದ ವಾದವೇ ಕೆಲಸ ಮಾಡಿತು. ಇದು 1949ರಲ್ಲಿ ಪ್ರಕಟವಾಯಿತು. ಆ ಲೆಕ್ಕದಲ್ಲಿ, ಕೇಳುವವರ ನಿಲುವು ತಿಳಿಯದೆ ಭಾಷಣ ಬರೆಯಲು ಕೂತರೆ ಕತ್ತಲೆಯಲ್ಲಿ ಬರೆದ ಹಾಗೆ.

ನಿಲುವು ತಿಳಿಯುವುದು ಕಷ್ಟವಲ್ಲ. ಸಭೆಗೆ ಒಂದು ವಾರ ಇರುವಾಗ ಬೆಳಿಗ್ಗೆ ಹಾಲಿನ ಡೇರಿ ಹತ್ತಿರ ನಿಲ್ಲಿ. ಸೊಸೈಟಿಗೆ ಗೊಬ್ಬರ ಒಯ್ಯಲು ಬಂದವರನ್ನು ಮಾತಾಡಿಸಿ. ನಿಮ್ಮ ವಾದ ಹೇಳಬೇಡಿ. "ಈ ವಿಷಯದಲ್ಲಿ ನಿಮಗೇನನ್ನಿಸುತ್ತೆ?" ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಮನೆಗೆ ಬಂದು ಅವರು ಆಡಿದ ಮಾತನ್ನು ಅವರು ಆಡಿದ ಹಾಗೇ ಬರೆದಿಡಿ. "ಅದೆಲ್ಲ ಆಗೋ ಮಾತಲ್ಲ ಮಾರಾಯ" ಅಂದರೆ ಹಾಗೇ. ಆಮೇಲೆ ಆ ಚೀಟಿ ನೋಡಿ. ಸಮಸ್ಯೆ ಇದೆ ಅನ್ನುವುದೇ ಅವರಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ಅದಕ್ಕೆ ಬೇರೆ ಕಾರಣ ಹೇಳುತ್ತಿದ್ದಾರೆಯೇ? ಎಲ್ಲ ಒಪ್ಪಿಯೂ ಕೈಕಟ್ಟಿ ಕೂತಿದ್ದಾರೆಯೇ? ಎರಡು ದಾರಿಗಳ ನಡುವೆ ತೂಗಾಡುತ್ತಿದ್ದಾರೆಯೇ? ಇಲ್ಲ, ಆಗಲೇ ಬೇಡ ಅಂತ ತೀರ್ಮಾನ ಮಾಡಿದ್ದಾರೆಯೇ? ನಿಮ್ಮ ಹಂದರ ಈ ಉತ್ತರದಲ್ಲೇ ಇದೆ.

ಇದರ ಜೊತೆಗೇ ಇನ್ನೊಂದು ಕೆಲಸ. ಸಭೆ ಮುಗಿದು ಜನ ಎದ್ದು ಹೋಗುವಾಗ ಏನಾಗಿರಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಅಡಿಕೆ ಎಲೆಚುಕ್ಕೆ ರೋಗದ ಬಗ್ಗೆ ಜಾಗೃತಿ" ಅಂತ ಬರೆದರೆ ಅದು ವಾಕ್ಯವೇ ಅಲ್ಲ. "ಎಲೆಚುಕ್ಕೆ ಬರುವುದು ಶಿಲೀಂಧ್ರದಿಂದ" ಅನ್ನುವುದು ಒಂದು ಸಂಗತಿಯನ್ನು ಒಪ್ಪಿಸುವ ವಾಕ್ಯ. "ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಅಕೇಶಿಯಾಕ್ಕಿಂತ ಕಾಡುಮರ ಇರುವುದು ಒಳ್ಳೆಯದು" ಅನ್ನುವುದು ಮೌಲ್ಯದ ಮಾತು. "ನಮ್ಮ ಊರಿನ ಎಲ್ಲ ತೋಟದವರೂ ಒಂದೇ ವಾರದಲ್ಲಿ ರೋಗದ ಸೋಗೆ ಕತ್ತರಿಸಿ ಸುಡಬೇಕು" ಅನ್ನುವುದು ಮಾಡಿಸುವ ಮಾತು. ಮೂರಕ್ಕೂ ಬೇಕಾಗುವ ಆಧಾರ ಬೇರೆ ಬೇರೆ. ಊರಿನ ಸಭೆಗಳಲ್ಲಿ ಹೆಚ್ಚಾಗಿ ಬೇಕಾಗುವುದು ಮೂರನೆಯದು. ಅದರಲ್ಲಿ ಯಾರು, ಏನು, ಯಾವಾಗ ಅನ್ನುವ ಮೂರೂ ಇರಲಿ.

ಸಮಸ್ಯೆ–ಪರಿಹಾರ, ಮತ್ತು ನಡುವೆ ಕಾರಣ

ಕೇಳುವವರಿಗೆ ಸಮಸ್ಯೆಯೇ ಗೊತ್ತಿಲ್ಲದಿದ್ದಾಗ ಸರಳವಾದ ಸಮಸ್ಯೆ–ಪರಿಹಾರ ಸಾಕು. ಹಳ್ಳದ ಆಚೆ ನಾಲ್ಕು ಮನೆ. ಮಳೆಗಾಲದಲ್ಲಿ ಮರದ ಕಾಲುಸಂಕವೇ, ಅಂದರೆ ಕಿರುಸೇತುವೆಯೇ, ದಾರಿ. ನೀರು ಏರಿದರೆ ಮಕ್ಕಳು ಶಾಲೆಗೆ ಬರುವುದಿಲ್ಲ, ಬಸುರಿಯನ್ನು ಹೊತ್ತು ದಾಟಿಸಬೇಕು. ಇದು ಆ ನಾಲ್ಕು ಮನೆಯವರಿಗೆ ಗೊತ್ತು. ಪಂಚಾಯ್ತಿಯ ಇನ್ನೊಂದು ತುದಿಯಿಂದ ಬಂದವರಿಗೆ, ಬಯಲುಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿಗೆ ಗೊತ್ತಿಲ್ಲ. ಹಾಗಾಗಿ ನಿಮ್ಮ ಹೊತ್ತಿನ ಹೆಚ್ಚು ಪಾಲು ಸಮಸ್ಯೆಗೇ ಹೋಗಲಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ದಾರಿ ಕಟ್ಟುತ್ತದೆ, ಎಷ್ಟು ಮಕ್ಕಳು, ಹೋದ ವರ್ಷ ಎಷ್ಟು ದಿನ ತಪ್ಪಿತು, ಆಚೆ ದಡದಿಂದ ಆಸ್ಪತ್ರೆಗೆ ಬಳಸು ದಾರಿ ಎಷ್ಟು ದೂರ. ಪರಿಹಾರ ಚಿಕ್ಕದಾಗಿ: ಎಲ್ಲಿ, ಯಾವ ಬಗೆಯ ಸಂಕ, ಯಾವ ಯೋಜನೆಯಡಿ ಕೇಳುತ್ತಿದ್ದೀರಿ.

ಸಮಸ್ಯೆ ಎಲ್ಲರಿಗೂ ಗೊತ್ತು, ಆದರೆ ಏಕೆ ಬಂತು ಅನ್ನುವುದರಲ್ಲಿ ಒಮ್ಮತ ಇಲ್ಲ ಅಂದಾಗ ಈ ಹಂದರ ಮುರಿದುಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆ ಎಲೆಚುಕ್ಕೆ ಬಂದ ತೋಟದವರ ಸಭೆ ಅಂತ ಇಟ್ಟುಕೊಳ್ಳಿ. ಸೋಗೆ ಒಣಗುತ್ತಿರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಒಬ್ಬರು ಗೊಬ್ಬರ ಕಡಿಮೆಯಾಯಿತು ಅನ್ನುತ್ತಾರೆ, ಇನ್ನೊಬ್ಬರು ಮಳೆ ಜಾಸ್ತಿಯಾಯಿತು ಅನ್ನುತ್ತಾರೆ, ಮೂರನೆಯವರು ಮಣ್ಣು ಹುಳಿಯಾಗಿದೆ ಅನ್ನುತ್ತಾರೆ. ನೀವು ನೇರ ಪರಿಹಾರಕ್ಕೆ ಹೋಗಿ "ಎಲ್ಲರೂ ಒಟ್ಟಿಗೆ ಸೋಗೆ ಕತ್ತರಿಸೋಣ" ಅಂದರೆ ಅವರಿಗೆ ಸಂಬಂಧವೇ ಕಾಣುವುದಿಲ್ಲ. ಗೊಬ್ಬರದ ಕೊರತೆ ಅಂತ ನಂಬಿದವರು ಪಕ್ಕದ ತೋಟದವರನ್ನು ಏಕೆ ಕಾಯಬೇಕು, ಅಲ್ವಾ?

ಇಲ್ಲಿ ನಡುವಿನ ಭಾಗವೇ ಭಾಷಣದ ಜೀವ. ಇದು ಶಿಲೀಂಧ್ರ ರೋಗ. ಅದರ ಬೀಜಕಣಗಳು ಗಾಳಿಯಲ್ಲಿ, ಮಳೆಹನಿಯಲ್ಲಿ ಹರಡುತ್ತವೆ. ರೋಗ ತಗುಲಿದ ಸೋಗೆ ತೋಟದಲ್ಲಿ ಉಳಿದರೆ ಮುಂದಿನ ಸೋಂಕಿಗೆ ಅದೇ ಮೂಲ. ಪೋಷಕಾಂಶ ಕಡಿಮೆಯಾದ ಮರ ಬೇಗ ಸೋಲಬಹುದು, ಮಳೆ ಅದಕ್ಕೆ ಅನುಕೂಲ ಮಾಡಿಕೊಡಬಹುದು, ಆದರೆ ರೋಗ ತರುವುದು ಶಿಲೀಂಧ್ರವೇ. ಇಷ್ಟನ್ನು ಒಪ್ಪಿಸಿದರೆ ಪರಿಹಾರವನ್ನು ನೀವು ಹೇಳುವ ಮೊದಲೇ ಸಭೆಯಲ್ಲಿ ಯಾರಾದರೂ ಹೇಳುತ್ತಾರೆ: "ಹಾಗಾದ್ರೆ ಒಬ್ರೇ ಔಷಧಿ ಹೊಡೆದ್ರೆ ಏನು ಬಂತು?" ಆ ಮಾತು ನಿಮ್ಮ ಬಾಯಿಂದ ಬರುವುದಕ್ಕಿಂತ ಅವರ ಬಾಯಿಂದ ಬಂದರೆ ಬೆಲೆ ಜಾಸ್ತಿ. ಕಾರಣದ ಭಾಗವನ್ನು ಎಷ್ಟು ಚೆನ್ನಾಗಿ ಕಟ್ಟುತ್ತೀರೋ ಪರಿಹಾರದ ಭಾಗ ಅಷ್ಟು ಚಿಕ್ಕದಾಗುತ್ತದೆ. ಗೊಬ್ಬರದ ಮಾತಾಡಿದವರನ್ನು ತಳ್ಳಿಹಾಕದೆ, ಅವರ ಮಾತಿನಲ್ಲಿರುವ ನಿಜವನ್ನು ಕಾರಣದ ಸರಪಳಿಯಲ್ಲಿ ಸೇರಿಸಿಕೊಂಡಿದ್ದನ್ನು ಗಮನಿಸಿ.

ಎರಡರ ನಡುವೆ ಆರಿಸಲು ಒಂದು ಪರೀಕ್ಷೆ ಸಾಕು. ಡೇರಿ ಹತ್ತಿರ ಬರೆದ ಚೀಟಿಯಲ್ಲಿ "ಅದಕ್ಕೆ ಕಾರಣ..." ಅಂತ ಶುರುವಾಗುವ ಬೇರೆ ಬೇರೆ ಉತ್ತರಗಳಿದ್ದರೆ ಕಾರಣದ ಭಾಗ ಬೇಕು. ಇಲ್ಲದಿದ್ದರೆ ಬೇಡ.

ಐದು ಮೆಟ್ಟಿಲಿನ ಕ್ರಮ

ಎಲ್ಲ ಗೊತ್ತು, ಎಲ್ಲ ಒಪ್ಪುತ್ತಾರೆ, ಆದರೆ ಮಾಡುವುದಿಲ್ಲ. ಒಪ್ಪಿಸುವವರಿಗೆ ಇದಕ್ಕಿಂತ ಕಷ್ಟದ ಸಭೆ ಇಲ್ಲ ಅಂತ ನನಗನ್ನಿಸುತ್ತದೆ. ಇಂಥ ಸಭೆಗೆ ಹೇಳಿಮಾಡಿಸಿದ ಕ್ರಮವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಭಾಷಣಕಲೆ ಕಲಿಸುತ್ತಿದ್ದ ಅಲನ್ ಮನ್ರೋ 1930ರ ದಶಕದಲ್ಲಿ ರೂಪಿಸಿದರು. ಗಮನ ಸೆಳೆಯುವುದು, ಅಗತ್ಯ ತೋರಿಸುವುದು, ಆ ಅಗತ್ಯ ಪೂರೈಸುವ ದಾರಿ ಹೇಳುವುದು, ಆ ದಾರಿ ಹಿಡಿದರೆ ಮತ್ತು ಹಿಡಿಯದಿದ್ದರೆ ಏನಾಗುತ್ತದೆ ಅಂತ ಕಣ್ಣಿಗೆ ಕಟ್ಟಿಸುವುದು, ಕೊನೆಗೆ ಮಾಡಿಸುವುದು. ಒಳಗಿರುವುದು ಸಮಸ್ಯೆ–ಪರಿಹಾರವೇ. ಕೊನೆಯ ಎರಡು ಮೆಟ್ಟಿಲುಗಳಲ್ಲಿ ವ್ಯತ್ಯಾಸ ಇದೆ.

ಮತ್ತೆ ಮಂಗನ ಕಾಯಿಲೆಗೆ ಬರೋಣ. ಡಿಸೆಂಬರ್ ತಿಂಗಳು, ಕಾಡಂಚಿನ ಊರು, ಅಂಗನವಾಡಿಯಲ್ಲಿ ಸಭೆ. ಕೂತವರಲ್ಲಿ ಹೆಚ್ಚಿನವರು ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವ ಹೆಂಗಸರು. ಉಣುಗು ಓಡಿಸುವ ಎಣ್ಣೆಯನ್ನು ಮೈಗೆ ಹಚ್ಚಿಕೊಳ್ಳಬೇಕು ಅಂತ ಎಲ್ಲರಿಗೂ ಗೊತ್ತು. ಬಾಟಲಿ ಮನೆಯಲ್ಲಿ ಹಾಗೇ ಇರುತ್ತದೆ.

ಗಮನ ಸೆಳೆಯಲು ಕತೆ ಬೇಡ. "ಈ ವಾರ ಕಾಡಿಗೆ ಹೋಗಿ ಬಂದವರು ಕೈ ಎತ್ತಿ" ಅನ್ನಿ. ಕೈಗಳು ಏಳುತ್ತವೆ. "ಅದರಲ್ಲಿ ಎಣ್ಣೆ ಹಚ್ಚಿಕೊಂಡು ಹೋದವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ" ಅನ್ನಿ. ಕೈಗಳು ಇಳಿಯುತ್ತವೆ. ಯಾರಿಗೂ ಬೈಯದೆ ವಿಷಯ ಮುಟ್ಟಿತು. ಅಗತ್ಯದ ಮೆಟ್ಟಿಲು ಈ ಸಭೆಯಲ್ಲಿ ಚಿಕ್ಕದಿರಲಿ, ಏಕೆಂದರೆ ಅವರಿಗೆ ಗೊತ್ತು. ಈ ವೈರಸ್ ಮೊದಲು ಪತ್ತೆಯಾದದ್ದೇ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗುಗಳ ಕಾಲ, ಅವು ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣವು. ಕಾಯಿಲೆ ಬಂದ ಮೇಲೆ ಅದನ್ನೇ ಕೊಲ್ಲುವ ಔಷಧಿ ಇಲ್ಲ, ಆರೈಕೆಯೇ ಚಿಕಿತ್ಸೆ. ಇಷ್ಟು ಸಾಕು.

ದಾರಿ ಹೇಳುವಾಗ ಪಟ್ಟಿ ಉದ್ದ ಮಾಡಬೇಡಿ. ಹೋಗುವ ಮುಂಚೆ ಎಣ್ಣೆ, ಮೈತುಂಬ ಬಟ್ಟೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಾಕಿ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸುವುದು. ಜ್ವರ ಬಂದರೆ ಕಾಯದೆ ಆಸ್ಪತ್ರೆ.

ಕಣ್ಣಿಗೆ ಕಟ್ಟಿಸುವ ಮೆಟ್ಟಿಲಿನಲ್ಲಿ ಎಚ್ಚರ ಬೇಕು. ಹೆದರಿಸುವುದು ಸುಲಭ. ಸಾವಿನ ಮನೆಯ ಚಿತ್ರ ಬಿಡಿಸಿದರೆ ಸಭೆ ಮೌನವಾಗುತ್ತದೆ, ಅದನ್ನು ನೋಡಿ ಭಾಷಣ ಗೆದ್ದಿತು ಅಂತ ಮಾತಾಡಿದವರಿಗೆ ಅನ್ನಿಸುತ್ತದೆ. ಹೆದರಿಕೆ ದೊಡ್ಡದಾಗಿ, ತನ್ನ ಕೈಲಿ ಏನೂ ಆಗುವುದಿಲ್ಲ ಅನ್ನಿಸಿದರೆ ಜನ ಆ ವಿಷಯವನ್ನೇ ಮನಸ್ಸಿನಿಂದ ಹೊರಗೆ ಹಾಕುತ್ತಾರೆ. ಹೆದರಿಕೆಯ ಸಂದೇಶಗಳ ಬಗ್ಗೆ ನಡೆದ ಅಧ್ಯಯನಗಳು ಹೇಳುವುದೂ ಇದನ್ನೇ: ಅಪಾಯ ಎಷ್ಟು ಹೇಳುತ್ತೀರೋ ಅಷ್ಟೇ ಬಲವಾಗಿ "ಇದು ನಿಮ್ಮ ಕೈಲಿ ಆಗುತ್ತದೆ, ಮಾಡಿದರೆ ಫಲ ಇದೆ" ಅಂತಲೂ ಹೇಳಬೇಕು. ಹಾಗಾಗಿ ಬೆಳಿಗ್ಗೆ ಎದ್ದು ಬಾಗಿಲ ಪಕ್ಕದ ಗೂಡಿನಲ್ಲಿ ಎಣ್ಣೆ ಬಾಟಲಿ, ಕತ್ತಿಯ ಪಕ್ಕದಲ್ಲೇ. ಕತ್ತಿ ತೆಗೆದುಕೊಳ್ಳುವಾಗ ಎಣ್ಣೆ ಕೈಗೆ ಬರುತ್ತದೆ. ಕಾಡಿನಿಂದ ಬಂದಾಗ ಒಲೆ ಮೇಲೆ ಬಿಸಿನೀರು. ಮಳೆ ಬೀಳುವವರೆಗೆ ದಿನವೂ ಹೀಗೇ. ಈ ಚಿತ್ರ ಸಾವಿನ ಚಿತ್ರಕ್ಕಿಂತ ಮಂಕು ಅನ್ನಿಸಬಹುದು. ಬದುಕಿನಲ್ಲಿ ನಡೆಯುವುದು ಇದೇ ಚಿತ್ರ.

ಮಾಡಿಸುವ ಮೆಟ್ಟಿಲು ಸಭೆ ನಡೆಯುವ ಜಾಗದಲ್ಲೇ ಶುರುವಾಗಬೇಕು. ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿ ಎಣ್ಣೆ ಬಾಟಲಿ ತರಿಸಿಟ್ಟಿರಿ. "ಹೊರಡುವ ಮುಂಚೆ ಒಂದೊಂದು ತಗೊಳ್ಳಿ ಅಕ್ಕ, ಪಕ್ಕದ ಮನೆಯವರ ಹೆಸರೂ ಬರೆಸಿ" ಅನ್ನಿ. ನಾಳೆಯಿಂದ ಮಾಡೋಣ ಅನ್ನುವ ಮಾತಿಗೂ ಬಾಟಲಿ ಕೈಲಿ ಹಿಡಿದು ಹೊರಡುವುದಕ್ಕೂ ಬಹಳ ದೂರ ಇದೆ.

ಈ ಕ್ರಮ ಎಲ್ಲಿ ಬೇಡ? ನಿಮ್ಮನ್ನು ಅನುಮಾನದಿಂದ ನೋಡುವವರ ಮುಂದೆ ಬೇಡ. ಭಾವನೆ ಎಬ್ಬಿಸಿ ಕೆಲಸ ಮಾಡಿಸುತ್ತಿದ್ದಾರೆ ಅನ್ನುವುದು ಅವರಿಗೆ ಎರಡನೇ ಮೆಟ್ಟಿಲಿಗೇ ಗೊತ್ತಾಗುತ್ತದೆ. ಸಂಗತಿಯನ್ನು ಮಾತ್ರ ಒಪ್ಪಿಸಬೇಕಾದಾಗಲೂ ಬೇಡ, ಅಲ್ಲಿ ಮಾಡಿಸುವುದಕ್ಕೆ ಏನೂ ಇರುವುದಿಲ್ಲ.

ಎರಡು ದಾರಿಗಳ ಹೋಲಿಕೆ

ಏನಾದರೂ ಮಾಡಬೇಕು ಅನ್ನುವುದರಲ್ಲಿ ತಕರಾರಿಲ್ಲ, ಯಾವುದು ಅನ್ನುವುದರಲ್ಲಿ ಇದೆ. ಸೊಸೈಟಿ ಸಭೆಗಳಲ್ಲಿ ಹೆಚ್ಚಾಗಿ ಇದೇ ಸ್ಥಿತಿ. ಅಡಿಕೆ ಕೊನೆ (ಗೊನೆ) ತೆಗೆಯುವವರು, ಮದ್ದು ಹೊಡೆಯುವವರು ಸಿಗುತ್ತಿಲ್ಲ. ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿ. ನೆಲದಲ್ಲೇ ನಿಂತು ಕೆಲಸ ಮಾಡುವ ಕಾರ್ಬನ್ ಫೈಬರ್ ದೋಟಿಯನ್ನು (ಉದ್ದನೆಯ ಕೋಲು) ಸೊಸೈಟಿಯಿಂದ ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡುವುದೋ, ಒಬ್ಬೊಬ್ಬರು ತಾವೇ ಕೊಳ್ಳುವುದೋ, ಇದ್ದ ಹಾಗೆ ಮರ ಹತ್ತುವ ಕೊನೆಗಾರರನ್ನೇ ಕಾಯುವುದೋ?

ಈ ಹಂದರದಲ್ಲಿ ಸೋಲುವವರು ತಮ್ಮ ದಾರಿಯ ಗುಣಗಳನ್ನಷ್ಟೇ ಹೇಳುತ್ತಾ ಹೋಗುತ್ತಾರೆ. ಗೆಲ್ಲಬೇಕಾದರೆ ಮೊದಲು ಅಳತೆಗಳನ್ನು ಸಭೆಯಿಂದಲೇ ಒಪ್ಪಿಸಿಕೊಳ್ಳಬೇಕು. "ನಮಗೆ ಬೇಕಾದ್ದು ಮೂರು. ಜೀವಕ್ಕೆ ಅಪಾಯ ಕಡಿಮೆ, ಮಳೆ ಬಿಡುವು ಕೊಟ್ಟ ದಿನವೇ ಕೆಲಸ ಆಗಬೇಕು, ಸಣ್ಣ ತೋಟದವರಿಗೂ ಕೈಗೆಟುಕಬೇಕು. ಇದಕ್ಕೆ ಯಾರದ್ದಾದರೂ ಬೇರೆ ಮಾತಿದೆಯೇ?" ಇಷ್ಟಕ್ಕೆ ತಲೆದೂಗಿದ ಮೇಲೆ ಎಲ್ಲ ದಾರಿಗಳನ್ನೂ ಅದೇ ಮೂರು ಅಳತೆಗೆ ನಿಲ್ಲಿಸಿ. ಅಡಿಕೆಯ ಕೊಳೆರೋಗ ತಡೆಯುವ ಮೈಲುತುತ್ತ–ಸುಣ್ಣದ ಬೋರ್ಡೋ ಮದ್ದನ್ನು ಮಳೆಗಾಲ ಜೋರಾಗುವ ಮೊದಲು ಹೊಡೆಯಬೇಕು. ಆಗ ಎಲ್ಲರಿಗೂ ಒಂದೇ ಹೊತ್ತಿಗೆ ಆಳು ಬೇಕು, ಎಲ್ಲರಿಗೂ ಒಂದೇ ಹೊತ್ತಿಗೆ ದೋಟಿಯೂ ಬೇಕು. ಅಂದರೆ ಎರಡನೆಯ ಅಳತೆಯಲ್ಲಿ ಬಾಡಿಗೆಯ ದಾರಿಗೇ ತೊಂದರೆ. ಇದನ್ನು ನೀವೇ ಹೇಳಿ, ಸರದಿ ಹೇಗೆ ಅನ್ನುವುದನ್ನೂ ಹೇಳಿ.

ದೋಟಿಯ ಇನ್ನೊಂದು ಕೊರತೆಯನ್ನು ಮುಚ್ಚಿಡಲೇಬೇಡಿ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಕರೆಂಟು ತಂತಿ ಹೋಗಿದ್ದರೆ ಅದು ಪ್ರಾಣಕ್ಕೇ ಅಪಾಯ. ಮರದಿಂದ ಬೀಳುವ ಭಯ ಕಳೆದರೂ ಈ ಭಯ ಹೊಸದಾಗಿ ಬರುತ್ತದೆ, ಅದಕ್ಕೆ ತರಬೇತಿ ಕಡ್ಡಾಯ. ತನ್ನ ದಾರಿಯ ದೋಷವನ್ನು ತಾನೇ ಹೇಳಿದವರನ್ನು ಸಭೆ ನಂಬುತ್ತದೆ. ಬೇರೆಯವರು ಎದ್ದು ನಿಂತು ಹೇಳಿದರೆ ಇಡೀ ಹೋಲಿಕೆಯ ಮೇಲೆ ಅನುಮಾನ ಬರುತ್ತದೆ.

ಅಳತೆ ಆರಿಸುವಾಗ ಪ್ರಾಮಾಣಿಕವಾಗಿರಿ. ನಿಮ್ಮ ದಾರಿ ಗೆಲ್ಲುವ ಅಳತೆಗಳನ್ನು ಮಾತ್ರ ಹುಡುಕಿ ತಂದರೆ ಊರವರು ಗುರುತಿಸುತ್ತಾರೆ. ಈ ಹಂದರ ಭಾವನೆಯಲ್ಲಿ ಬಡವಾಗಿರುತ್ತದೆ ಅನ್ನುವುದು ನಿಜ, ಆದರೆ ಹಣ ಖರ್ಚು ಮಾಡುವ ಸಭೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಎದುರುವಾದಕ್ಕೆ ಉತ್ತರ

ಆಗಲೇ ಬೇಡ ಅಂತ ತೀರ್ಮಾನಿಸಿದವರ ಮುಂದೆ ಸಮಸ್ಯೆ ವಿವರಿಸಿದರೆ ಅವರು ಕೇಳಿಸಿಕೊಳ್ಳುವುದಿಲ್ಲ. ನೀವು ಮಾತಾಡುತ್ತಿರುವಾಗ ಅವರ ಮನಸ್ಸಿನಲ್ಲಿ ಅವರದೇ ವಾದ ಓಡುತ್ತಿರುತ್ತದೆ. ಆದ್ದರಿಂದ ಅವರ ವಾದದಿಂದಲೇ ಶುರು ಮಾಡಬೇಕು.

ಮಲೆನಾಡಿನವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಕೂತು ಆಡುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಒಳ್ಳೆಯ ಅರ್ಥಧಾರಿ (ಪಾತ್ರವಾಗಿ ಮಾತಾಡುವವರು) ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ಎತ್ತಿಕೊಂಡು, ಅದರ ಸತ್ವ ಒಪ್ಪಿ, ಆಮೇಲೆ ಉತ್ತರ ಕೊಡುತ್ತಾರೆ. ಎದುರಿನವರ ಮಾತನ್ನು ಸಣ್ಣದು ಮಾಡಿ ಗೆದ್ದವರಿಗೆ ಸಭಿಕರ ಮೆಚ್ಚುಗೆ ಸಿಗುವುದಿಲ್ಲ.

ಊರಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಪೋಷಕರು ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಲು ತೀರ್ಮಾನಿಸಿದ್ದಾರೆ. ಇಲ್ಲಿ "ಕನ್ನಡ ಶಾಲೆ ಉಳಿಸಿ" ಅಂತ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ಅವರ ಮಾತಿಂದ ಶುರು ಮಾಡಿ. "ಮಗಳಿಗೆ ಇಂಗ್ಲಿಷ್ ಬರಬೇಕು ಅಂತ ನೀವು ಹೇಳುತ್ತೀರಿ. ಬರಲೇಬೇಕು. ಇಂಗ್ಲಿಷ್ ಬಾರದೆ ಪಿಯುಸಿಯಲ್ಲಿ ಕಷ್ಟಪಟ್ಟ ಮಕ್ಕಳು ನಮ್ಮ ಊರಲ್ಲೇ ಇದ್ದಾರೆ." ಇದು ಒಪ್ಪಿಗೆ, ನಾಟಕವಾಗಬಾರದು. ಆಮೇಲೆ ಉತ್ತರ: 2019ರಿಂದ ರಾಜ್ಯದ ಆಯ್ದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಗಿದೆ, ನಮ್ಮ ಶಾಲೆಗೂ ಕೇಳಬಹುದು. ಆಮೇಲೆ ಎರಡನೇ ವಾದ, "ಅಲ್ಲಿ ಶಿಸ್ತು ಚೆನ್ನಾಗಿದೆ" ಅನ್ನುವುದು. ಅದಕ್ಕೂ ಹಾಗೇ. ಕೊನೆಗೆ ಅವರು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ: ಆರು ವರ್ಷದ ಮಗು ಮಳೆಗಾಲದ ಬೆಳಿಗ್ಗೆ ಕತ್ತಲು ಹರಿಯುವ ಮುಂಚೆ ಎದ್ದು, ವ್ಯಾನಿನಲ್ಲಿ ಘಟ್ಟದ ತಿರುವುಗಳಲ್ಲಿ ಹೋಗಿ ಬರಬೇಕು. ಹೆಚ್ಚೆಂದರೆ ಮೂರು ವಾದ ಎತ್ತಿಕೊಳ್ಳಿ. ಯಾರೂ ಆಡದ ವಾದವನ್ನು ನೀವಾಗಿ ಎತ್ತಬೇಡಿ, ಆ ಯೋಚನೆ ಅವರಿಗೆ ನಿಮ್ಮಿಂದಲೇ ಸಿಗುತ್ತದೆ.

ಇನ್ನೊಂದು ವಿಷಯ. ಪಾಂಡವರ ಪರವಾಗಿ ಸಂಧಾನಕ್ಕೆ ಹೋದ ಕೃಷ್ಣ ಕೊನೆಗೆ ಕೇಳಿದ್ದು ಐದು ಊರು. ದುರ್ಯೋಧನ ಕೊಡಲಿಲ್ಲ. ಆದರೆ ಆ ಸಭೆಯಲ್ಲಿ ಭೀಷ್ಮ, ದ್ರೋಣ, ವಿದುರರೂ ಇದ್ದರು. ಅಷ್ಟು ಸಣ್ಣ ಬೇಡಿಕೆಯನ್ನೂ ತಳ್ಳಿದ್ದು ಯಾರು ಅನ್ನುವುದು ಎಲ್ಲರಿಗೂ ಕಂಡಿತು. ನಿಮ್ಮ ಸಭೆಯಲ್ಲೂ ಗಟ್ಟಿಯಾಗಿ ವಿರೋಧಿಸುವ ಒಬ್ಬಿಬ್ಬರು ಬದಲಾಗುವುದು ಅಪರೂಪ. ಅವರಿಗೆ ಉತ್ತರ ಕೊಡುವುದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಕೇಳುತ್ತಿರುವವರಿಗಾಗಿ. ಬೇಡಿಕೆಯೂ ಸಣ್ಣದಿರಲಿ. "ಎಲ್ಲರೂ ಮಕ್ಕಳನ್ನು ವಾಪಸ್ ಸೇರಿಸಿ" ಅನ್ನುವುದಕ್ಕಿಂತ "ಒಂದನೇ ತರಗತಿಗೆ ಸೇರಿಸುವ ಮುಂಚೆ ಒಂದು ದಿನ ಬಂದು ತರಗತಿಯಲ್ಲಿ ಕೂತು ನೋಡಿ" ಅನ್ನುವುದು ನಡೆಯುವ ಮಾತು.

ಸ್ನೇಹದ ಸಭೆಗೂ ಈ ಹಂದರ ಒಮ್ಮೊಮ್ಮೆ ಬೇಕಾಗುತ್ತದೆ. 1960ರ ದಶಕದ ಆರಂಭದಲ್ಲಿ ವಿಲಿಯಂ ಮೆಗ್ವೈರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ ಸಂಗತಿ ಇದು: ಎದುರುವಾದವನ್ನು ಮೊದಲೇ ಸ್ವಲ್ಪ ಕೇಳಿಸಿ ಅದಕ್ಕೆ ಉತ್ತರವನ್ನೂ ಕೊಟ್ಟಿದ್ದರೆ, ಮುಂದೆ ಅದೇ ವಾದ ಜೋರಾಗಿ ಬಂದಾಗ ಜನ ಸುಲಭಕ್ಕೆ ಅಲುಗುವುದಿಲ್ಲ. ನಿಮ್ಮ ಕಡೆಯವರು ನಾಳೆ ಬೇರೆಯವರ ಮಾತು ಕೇಳಲಿದ್ದಾರೆ ಅಂತ ಗೊತ್ತಿದ್ದರೆ ಇವತ್ತೇ ಆ ಮಾತನ್ನು ಎತ್ತಿ ಉತ್ತರಿಸಿ.

ಕಾರಣಗಳ ಸಾಲು

ಮೊದಲು ನಿಲುವು, ಆಮೇಲೆ ಒಂದೊಂದೇ ಕಾರಣ. ಕಾಲೇಜಿನ ಚರ್ಚಾಸ್ಪರ್ಧೆಗೆ ಇದು ಸರಿ, ತೀರ್ಪುಗಾರರು ಅಂಶ ಎಣಿಸುತ್ತಾರೆ. ಆಗಲೇ ಒಪ್ಪಿದವರಿಗೆ ಹುರುಪು ತುಂಬಲೂ ಸಾಕು. ಬಲವಾದ ಕಾರಣ ಮೊದಲಲ್ಲೋ ಕೊನೆಯಲ್ಲೋ ಇರಲಿ, ನಡುವೆ ಹೂಳಬೇಡಿ. ಬಡ ಕಾರಣವನ್ನು ಬಿಟ್ಟೇಬಿಡಿ, ಎದುರಿನವರು ಹಿಡಿಯುವುದು ಅದನ್ನೇ. ಗ್ರಾಮಸಭೆಗೆ ಈ ಹಂದರವನ್ನು ನಾನು ಯಾರಿಗೂ ಹೇಳುವುದಿಲ್ಲ. ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದು ಕೇಳುವವರಿಗೆ ಸಿಗುವುದಿಲ್ಲ.

ಯಾವ ಹಂದರವಾದರೂ ಬೇಕಾಗುವುದು

ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ವಾದದ ತರ್ಕ. ಒಪ್ಪಿಸುವ ಮಾತಿಗೆ ಈ ಮೂರು ಬಲ ಅಂತ ಅರಿಸ್ಟಾಟಲ್ ಹೇಳಿ ಎರಡು ಸಾವಿರ ವರ್ಷದ ಮೇಲಾಯಿತು. ನಮ್ಮ ಊರುಗಳಲ್ಲಿ ಮೊದಲನೆಯದು ಸಭೆಗೆ ಮುಂಚೆಯೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ವಯಸ್ಸಿನಲ್ಲಿ ಚಿಕ್ಕವರಾದರೆ, ಅಥವಾ ಮದುವೆಯಾಗಿ ಆ ಊರಿಗೆ ಬಂದು ಹೆಚ್ಚು ವರ್ಷ ಆಗಿಲ್ಲದಿದ್ದರೆ, ಸಭೆ ಗೌರವಿಸುವ ಹಿರಿಯರೊಬ್ಬರ ಹತ್ತಿರ ಮೊದಲೇ ವಿಷಯ ಮಾತಾಡಿ. "ದೊಡ್ಡವರು ನೀವು ಒಂದು ಮಾತು ಹೇಳಿದ್ರೆ ಅನುಕೂಲ" ಅಂತ ಕೇಳುವುದರಲ್ಲಿ ಸಣ್ಣತನ ಇಲ್ಲ.

ಆಧಾರ ಆರಿಸುವಾಗ ಹತ್ತಿರದ್ದನ್ನು ಆರಿಸಿ. ಗೇಣಿದಾರ ರೈತರು ಭೂಮಾಲೀಕರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹ ನೆನಪಿಸಿಕೊಳ್ಳಿ. ಗೇಣಿ ಪದ್ಧತಿಯ ಅನ್ಯಾಯ ದೊಡ್ಡ ವಿಷಯ. ಆದರೆ ಅಲ್ಲಿ ಜಗಳ ಕಾವೇರಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಕೊಳಗ ಎಲ್ಲರ ಮನೆಯಲ್ಲೂ ಇತ್ತು. ಅನ್ಯಾಯವನ್ನು ಕೈಲಿ ಹಿಡಿದು ತೋರಿಸಬಹುದಿತ್ತು. ನಿಮ್ಮ ವಿಷಯಕ್ಕೂ ಅಂಥದ್ದೊಂದು ಇರುತ್ತದೆ. ರಾಜ್ಯದ ಅಂಕಿಅಂಶ ಹೇಳುವ ಮುಂಚೆ ನಿಮ್ಮ ಪಂಚಾಯ್ತಿಯದ್ದು ಹೇಳಿ, ರೋಗದ ಹೆಸರಿಗೆ ಮುಂಚೆ ರೋಗದ ಸೋಗೆಯನ್ನೇ ತಂದು ತೋರಿಸಿ.

ಬೇಡಿಕೆಯನ್ನು ಎಲ್ಲಿಡಬೇಕು? ಒಪ್ಪಿದವರ ಮುಂದೆ ಮೊದಲ ನಿಮಿಷದಲ್ಲೇ ಇಡಿ. ವಿರೋಧಿಗಳ ಮುಂದೆ ಉತ್ತರಗಳೆಲ್ಲ ಆದ ಮೇಲೆ. ಉಳಿದ ಸಭೆಗಳಲ್ಲಿ ಎರಡು ಸಲ, ಮೊದಲು ಒಂದು ವಾಕ್ಯದಲ್ಲಿ, ಕೊನೆಗೆ ವಿವರವಾಗಿ. ಗ್ರಾಮಸಭೆಯಲ್ಲಿ ಮೂರು ನಿಮಿಷ ಸಿಕ್ಕರೆ ಪುಣ್ಯ, ಅದರಲ್ಲೂ "ಬೇಗ ಮುಗಿಸಿ" ಅನ್ನುವ ಕೂಗು ಯಾವಾಗ ಬೇಕಾದರೂ ಬರುತ್ತದೆ. ಆಗ ಐದು ಮೆಟ್ಟಿಲಿನ ಕ್ರಮಕ್ಕೆ ಹೆಚ್ಚು ಪೆಟ್ಟು, ಮಾಡಿಸುವ ಮೆಟ್ಟಿಲೇ ಹೋಗಿಬಿಡುತ್ತದೆ. ಹೋಲಿಕೆಯ ಹಂದರವೂ ಅರ್ಧಕ್ಕೆ ನಿಂತರೆ ಕೆಲಸಕ್ಕೆ ಬಾರದು. ಸಮಸ್ಯೆ–ಪರಿಹಾರವನ್ನು ಬೇಡಿಕೆಯಿಂದ ಶುರು ಮಾಡಿದ್ದರೆ ಎಲ್ಲಿ ತಡೆದರೂ ವಿಷಯ ಉಳಿಯುತ್ತದೆ. ಹೊತ್ತು ಗ್ಯಾರಂಟಿ ಇಲ್ಲದ ಸಭೆಗೆ ಅದೇ ಸರಿ. ವೇದಿಕೆಯಲ್ಲಿ ಕೂತ ಎಲ್ಲರ ಹೆಸರು ಹೇಳುವ ಪದ್ಧತಿಯನ್ನು ಒಂದೇ ವಾಕ್ಯಕ್ಕೆ ಇಳಿಸಿದರೆ ಅರ್ಧ ನಿಮಿಷ ಉಳಿಯುತ್ತದೆ. ಮನೆಯಲ್ಲಿ ಮೊಬೈಲಿನ ಗಡಿಯಾರ ಇಟ್ಟು ಗಟ್ಟಿಯಾಗಿ ಹೇಳಿ ನೋಡಿ. ಮನಸ್ಸಿನಲ್ಲಿ ಓದಿದರೆ ಯಾವಾಗಲೂ ಬೇಗ ಮುಗಿಯುತ್ತದೆ.

ಮಾತಿನ ಜೊತೆಗೆ ಬೇಡಿಕೆಯ ಆ ಒಂದು ವಾಕ್ಯವನ್ನು ಅರ್ಜಿಯಾಗಿ ಬರೆದು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕೈಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಸಭೆ ಒಪ್ಪಿದರೆ ಅದು ಠರಾವಾಗಿ ನಡಾವಳಿ ಪುಸ್ತಕದಲ್ಲಿ ನೀವು ಬರೆದ ಮಾತಲ್ಲೇ ಇಳಿಯಬೇಕು. "ಚರ್ಚಿಸಲಾಯಿತು" ಅಂತ ಬರೆದಿದ್ದರೆ ಅದು ಸಾಲದು, "ತೀರ್ಮಾನಿಸಲಾಯಿತು" ಅಂತ ಆಗುವವರೆಗೆ ಅಲ್ಲೇ ನಿಂತು ಓದಿಸಿ ಕೇಳಿ.